ಅಳತೆಗೋಲು ಹಿಡಿದ ನ್ಯಾಯವಾದಿ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದಲ್ಲಿ ಬಿಳಿಯ ಅಮೃತಶಿಲೆಯಿಂದ ಕಟ್ಟಿದ ಭವ್ಯವಾದ ಸೌಧವೊಂದಿದೆ. ಅದು ಆ ದೇಶದ ಸರ್ವೋಚ್ಚ ನ್ಯಾಯಾಲಯ. 1935ರಲ್ಲಿ ಕಟ್ಟಿ ಮುಗಿಸಿದ ಆ ಸೌಧದ ಎತ್ತರವಾದ ಕಂಬಗಳ ಮೇಲೆ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ‘ಕಾನೂನಿನ ಅಡಿಯಲ್ಲಿ ಸಮಾನ ನ್ಯಾಯ’ ಎಂಬ ಮಾತನ್ನು ಕೆತ್ತಲಾಗಿದೆ. 1938ನೆಯ ಇಸವಿಯ ನವೆಂಬರ್ 9ರಂದು ಆ ನ್ಯಾಯಾಲಯದಲ್ಲಿ ಎತ್ತರದ ನಿಲುವಿನ ಕಪ್ಪು ನ್ಯಾಯವಾದಿಯೊಬ್ಬರು ವಾದಕ್ಕೆ ಎದ್ದು ನಿಂತರು. ಅವರು ಮಾತನಾಡತೊಡಗಿದಾಗ ಪೀಠದಲ್ಲಿದ್ದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಮ್ಯಾಕ್‌ರೆನಾಲ್ಡ್ಸ್ ತಮ್ಮ ತಿರುಗುಕುರ್ಚಿಯನ್ನು ಹೊರಳಿಸಿ, ವಕೀಲರಿಗೆ ಬೆನ್ನುಮಾಡಿ ಕುಳಿತರು. ಕಪ್ಪು ಮನುಷ್ಯನೊಬ್ಬನ ವಾದವನ್ನು ಮುಖಕೊಟ್ಟು ಕೇಳುವುದೂ ಅವರಿಗೆ ಅಸಹ್ಯವಾಗಿತ್ತು. ಬೆನ್ನು ತಿರುಗಿಸಿದವರನ್ನು ಬಿಟ್ಟು, ಮುಖ ತೋರಿದ್ದವರನ್ನು ಉದ್ದೇಶಿಸಿ ಆ ನ್ಯಾಯವಾದಿ ತಮ್ಮ ವಾದವನ್ನು ಮುಂದುವರಿಸಿದರು.

ಆ ನ್ಯಾಯವಾದಿಯ ಹೆಸರು ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್.

ಹ್ಯೂಸ್ಟನ್ನರ ಹೋರಾಟ ಎಂಥದೆಂದು ತಿಳಿಯಬೇಕಾದರೆ ಅವರು ಎದುರಿಸಿದ ಗೋಡೆ ಎಂಥದೆಂಬುದನ್ನು ಮೊದಲು ತಿಳಿಯಬೇಕು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ಕೊನೆಗೊಂಡಿತು. 1868ರ ಮತ್ತೊಂದು ತಿದ್ದುಪಡಿ, ಯಾವ ರಾಜ್ಯವೂ ತನ್ನ ಎಲ್ಲೆಯೊಳಗಿನ ಯಾರಿಗೇ ಆಗಲಿ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸಬಾರದೆಂದು ವಿಧಿಸಿತು. ಆದರೆ ಬರೆದ ಕಾನೂನು ಬೇರೆ, ಬದುಕಿನ ರೂಢಿ ಬೇರೆ. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಹೊಸ ಶಾಸನಗಳನ್ನು ಮಾಡಿ, ರೈಲುಗಾಡಿ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿ, ಕೊನೆಗೆ ಸ್ಮಶಾನವನ್ನು ಕೂಡ ಬಿಳಿಯರದು, ಕರಿಯರದು ಎಂದು ಹಂಚಿದವು. 1892ರಲ್ಲಿ ಹೋಮರ್ ಪ್ಲೆಸಿ ಎಂಬ ಚಮ್ಮಾರನು ನ್ಯೂ ಆರ್ಲಿಯನ್ಸ್ ನಗರದಲ್ಲಿ ಬೇಕೆಂದೇ ಬಿಳಿಯರ ಗಾಡಿಯಲ್ಲಿ ಕುಳಿತು ಸೆರೆಯಾದನು. ಅವನ ಮೈಯಲ್ಲಿದ್ದ ಆಫ್ರಿಕದ ರಕ್ತ ಎಂಟರಲ್ಲಿ ಒಂದು ಪಾಲು ಮಾತ್ರ. ನೋಡಿದವರು ಬಿಳಿಯನೆಂದೇ ಭಾವಿಸುವಂತಿದ್ದನು. ಅವನ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ, 1896ರಲ್ಲಿ ತೀರ್ಪಾಯಿತು. ಸೌಕರ್ಯಗಳು ಸಮಾನವಾಗಿದ್ದರೆ ಸಾಕು, ಜನರನ್ನು ಬಣ್ಣದ ಮೇಲೆ ಬೇರೆಬೇರೆಯಾಗಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಏಳು ಮಂದಿ ನ್ಯಾಯಮೂರ್ತಿಗಳು ಹೇಳಿದರು. ಹಾರ್ಲನ್ ಎಂಬ ಒಬ್ಬರು ಮಾತ್ರ ಅದನ್ನು ಒಪ್ಪದೆ ಭಿನ್ನಮತವನ್ನು ಬರೆದರು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಸೂತ್ರ ಹೀಗೆ ದೇಶದ ಕಾನೂನಾಯಿತು. ಪ್ರತ್ಯೇಕತೆಯನ್ನು ಎಲ್ಲರೂ ನಿಷ್ಠೆಯಿಂದ ಪಾಲಿಸಿದರು. ಸಮಾನತೆಯನ್ನು ಯಾರೂ ಅಳೆದು ನೋಡಲಿಲ್ಲ.

ಆ ತೀರ್ಪು ಬಂದಾಗ ಹ್ಯೂಸ್ಟನ್ ಎಂಟು ತಿಂಗಳ ಕೂಸು. 1895ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನಲ್ಲಿ ಅವರ ಜನನವಾಯಿತು. ಅಜ್ಜ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ತಂದೆ ವಿಲಿಯಂ ಹಗಲು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ, ರಾತ್ರಿ ಕಾನೂನಿನ ವಿದ್ಯಾರ್ಥಿ. ಹೀಗೆ ಓದಿ ವಕೀಲರಾದವರು. ತಾಯಿ ಮೇರಿ ಮೊದಲು ಉಪಾಧ್ಯಾಯಿನಿಯಾಗಿದ್ದು, ಅನಂತರ ಶ್ರೀಮಂತ ಮನೆಗಳ ಹೆಂಗಸರಿಗೆ ಬಟ್ಟೆ ಹೊಲಿದು, ತಲೆ ಬಾಚಿ ಸಂಪಾದಿಸುತ್ತಿದ್ದರು. ಒಬ್ಬನೇ ಮಗನ ವಿದ್ಯೆಗಾಗಿ ಆ ದಂಪತಿಗಳು ತಮ್ಮ ದುಡಿಮೆಯನ್ನೆಲ್ಲ ಸುರಿದರು. ಹುಡುಗ ಚಾರ್ಲ್ಸ್ ಕಪ್ಪು ಮಕ್ಕಳಿಗೆಂದೇ ಇದ್ದ ಪ್ರೌಢಶಾಲೆಯಲ್ಲಿ ಓದಿ, ಆಮೇಲೆ ಆಮ್ಹರ್ಸ್ಟ್ ಕಾಲೇಜಿಗೆ ಸೇರಿದನು. ತನ್ನ ತರಗತಿಯಲ್ಲಿ ಅವನೊಬ್ಬನೇ ಕಪ್ಪು ವಿದ್ಯಾರ್ಥಿ. 1915ರಲ್ಲಿ ಉನ್ನತ ಗೌರವಗಳೊಡನೆ ಪದವಿ ಪಡೆದು, ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದನು. ಕಪ್ಪು ಜನರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾದ ಸಂಸ್ಥೆ ಅದು. ಸಾಹಿತ್ಯದ ಅಧ್ಯಾಪಕನಾಗಿಯೇ ಅವನ ಬಾಳು ಸಾಗಬಹುದಾಗಿತ್ತು.

ಅಷ್ಟರಲ್ಲಿ ಮಹಾಯುದ್ಧ ಬಂತು. 1917ರಲ್ಲಿ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿದಾಗ ಹ್ಯೂಸ್ಟನ್ ಕಪ್ಪು ಅಧಿಕಾರಿಗಳಿಗಾಗಿ ಬೇರೆಯಾಗಿ ತೆರೆದ ತರಬೇತಿ ಶಿಬಿರವನ್ನು ಸೇರಿ ಲೆಫ್ಟಿನೆಂಟ್ ಆದರು. ಪ್ರಜಾಪ್ರಭುತ್ವದ ರಕ್ಷಣೆಗಾಗಿ ನಡೆಯುತ್ತಿದೆಯೆಂದು ಸಾರಿದ ಆ ಯುದ್ಧದಲ್ಲಿ, ಶತ್ರುವಿನ ಗುಂಡಿಗಿಂತ ಹೆಚ್ಚಾಗಿ ತಮ್ಮ ಸೇನೆಯ ತಿರಸ್ಕಾರವೇ ಅವರನ್ನು ಗಾಯಗೊಳಿಸಿತು. ಬಿಳಿಯ ಸೈನಿಕರು ಕಪ್ಪು ಅಧಿಕಾರಿಗಳಿಗೆ ವಂದಿಸುತ್ತಿರಲಿಲ್ಲ. ತಪ್ಪು ಮಾಡದ ಕಪ್ಪು ಸೈನಿಕರಿಗೆ ಸೇನಾ ವಿಚಾರಣೆಗಳಲ್ಲಿ ಶಿಕ್ಷೆಯಾಗುವುದನ್ನು ಅವರು ಕಣ್ಣಾರೆ ಕಂಡರು. ಒಂದು ರಾತ್ರಿ ಫ್ರಾನ್ಸಿನ ಪಟ್ಟಣವೊಂದರಲ್ಲಿ ಬಿಳಿಯ ಅಮೆರಿಕನ್ ಸೈನಿಕರ ಗುಂಪೊಂದು ಅವರನ್ನೂ ಅವರ ಜೊತೆಯವರನ್ನೂ ಸುತ್ತುವರಿದು, ಕೊಂದುಹಾಕುವುದಾಗಿ ಅಬ್ಬರಿಸಿತು. ಸೇನಾ ಪೊಲೀಸಿನ ಅಧಿಕಾರಿಯೊಬ್ಬ ಬಂದುದರಿಂದ ಜೀವ ಉಳಿಯಿತು. ಈ ಯುದ್ಧದಿಂದ ಬದುಕಿ ಹಿಂದಿರುಗಿದರೆ ಕಾನೂನನ್ನು ಓದಿ, ತಿರುಗಿ ಹೊಡೆಯಲಾರದ ಜನರ ಪರವಾಗಿ ಹೋರಾಡುವೆನೆಂದು ಆ ದಿನಗಳಲ್ಲೇ ಅವರು ನಿಶ್ಚಯಿಸಿಕೊಂಡರು. ದ್ವೇಷಕ್ಕೆ ದ್ವೇಷವೇ ಮದ್ದೆಂದು ತಿಳಿಯಲು ಅವರಿಗೆ ಬೇಕಾದಷ್ಟು ಕಾರಣಗಳಿದ್ದವು. ಅವರು ಗ್ರಂಥಾಲಯದ ದಾರಿ ಹಿಡಿದರು.

1919ರಲ್ಲಿ ಹ್ಯೂಸ್ಟನ್ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜನ್ನು ಸೇರಿದರು. ಬಿಳಿಯ ವಿದ್ಯಾರ್ಥಿಗಳ ಕೂಟಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಎಡೆಯಿರಲಿಲ್ಲ. ಆದರೆ ಪರೀಕ್ಷೆಯ ಅಂಕಗಳಿಗೆ ಬಣ್ಣವಿಲ್ಲವಷ್ಟೆ! ಆ ಕಾಲೇಜಿನ ಪ್ರಸಿದ್ಧ ಕಾನೂನು ಪತ್ರಿಕೆಯ ಸಂಪಾದಕ ಮಂಡಲಿಗೆ ಆಯ್ಕೆಯಾದ ಮೊದಲನೆಯ ಕಪ್ಪು ವಿದ್ಯಾರ್ಥಿ ಹ್ಯೂಸ್ಟನ್. 1922ರಲ್ಲಿ ಕಾನೂನಿನ ಪದವಿ, ಮರುವರ್ಷ ಡಾಕ್ಟರೇಟ್, ಅದಾದ ಮೇಲೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಒಂದು ವರ್ಷದ ವ್ಯಾಸಂಗ. 1924ರಲ್ಲಿ ವಾಷಿಂಗ್ಟನ್ನಿಗೆ ಮರಳಿ ತಂದೆಯೊಡನೆ ವಕೀಲಿ ಆರಂಭಿಸಿದರು.

ದಕ್ಷಿಣದ ಕೆಲವು ರಾಜ್ಯಗಳಲ್ಲಿ ಆಗ ಕಪ್ಪು ವಕೀಲರನ್ನು ಬೆರಳಿನ ಮೇಲೆ ಎಣಿಸಬಹುದಾಗಿತ್ತು. ಸೈನ್ಯವಿಲ್ಲದೆ ಸೇನಾಪತಿ ಏನು ಮಾಡಿಯಾನು? ಹ್ಯೂಸ್ಟನ್ ಮೊದಲು ಸೈನ್ಯವನ್ನೇ ಕಟ್ಟಲು ತೊಡಗಿದರು. 1929ರಲ್ಲಿ ಅವರು ಹೊವಾರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಆಡಳಿತವನ್ನು ವಹಿಸಿಕೊಂಡಾಗ ಅದೊಂದು ರಾತ್ರಿ ಶಾಲೆ. ಹಗಲೆಲ್ಲ ದುಡಿದು ದಣಿದವರು ಸಂಜೆ ಬಂದು ಪಾಠ ಕೇಳುತ್ತಿದ್ದರು. ಅವರು ಅದನ್ನು ಹಗಲಿನ ಪೂರ್ಣಾವಧಿಯ ಶಾಲೆಯಾಗಿ ಮಾಡಿದರು. ಬಡ ವಿದ್ಯಾರ್ಥಿಗಳಿಗೆ ಬಾಗಿಲು ಮುಚ್ಚಿದಂತಾಯಿತೆಂದು ಹಲವರು ಆಕ್ಷೇಪಿಸಿದರು. ಆ ಆಕ್ಷೇಪದಲ್ಲಿ ಸತ್ಯಾಂಶವಿತ್ತು. ಅವರ ತಂದೆಯೇ ರಾತ್ರಿ ಓದಿ ವಕೀಲರಾದವರಲ್ಲವೆ? ಆದರೂ ಹ್ಯೂಸ್ಟನ್ ಮಣಿಯಲಿಲ್ಲ. ಅರೆಕಲಿಕೆಯ ವಕೀಲನಿಂದ ಕಪ್ಪು ಜನರ ಮೊಕದ್ದಮೆ ಕೆಡುವುದೇ ಹೊರತು ಗೆಲ್ಲುವುದಿಲ್ಲವೆಂಬುದು ಅವರ ಉತ್ತರ. 1931ರಲ್ಲಿ ಅಮೆರಿಕದ ವಕೀಲರ ಸಂಘ ಆ ಶಾಲೆಗೆ ಮಾನ್ಯತೆ ನೀಡಿತು.

ಅವರ ಪಾಠದ ಕಟ್ಟುನಿಟ್ಟು ಕಂಡು ವಿದ್ಯಾರ್ಥಿಗಳು ಅವರಿಗೆ ‘ಕಬ್ಬಿಣದ ಬೂಟು’ ಎಂಬ ಅಡ್ಡಹೆಸರನ್ನು ಇಟ್ಟಿದ್ದರು. ವೈದ್ಯನ ತಪ್ಪು ಮಣ್ಣಿನಲ್ಲಿ ಹೂತುಹೋಗಬಹುದು, ವಕೀಲನ ತಪ್ಪು ಎಲ್ಲರ ಕಣ್ಣೆದುರಿಗೆ ಉಳಿಯುತ್ತದೆ ಎಂದು ಅವರು ಎಚ್ಚರಿಸುತ್ತಿದ್ದರು. ವಕೀಲನಾದವನು ಸಮಾಜವನ್ನು ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲವಾದರೆ ಅವನು ಸಮಾಜದ ಮೈಮೇಲಿನ ಬದನಿಕೆ ಎಂಬುದು ಅವರು ಮತ್ತೆಮತ್ತೆ ಹೇಳುತ್ತಿದ್ದ ಮಾತು. ಆ ತರಗತಿಯಲ್ಲಿ ಬಾಲ್ಟಿಮೋರ್ ನಗರದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದ ಎತ್ತರದ, ನಗುಮುಖದ ಯುವಕನೊಬ್ಬನಿದ್ದನು. ತನ್ನ ಊರಿನಲ್ಲೇ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಇದ್ದರೂ, ಕಪ್ಪು ಬಣ್ಣದ ಕಾರಣದಿಂದ ಅಲ್ಲಿ ಅವನಿಗೆ ಪ್ರವೇಶವಿರಲಿಲ್ಲ. ಉಪಾಧ್ಯಾಯಿನಿಯಾಗಿದ್ದ ಅವನ ತಾಯಿ ತನ್ನ ಮದುವೆಯ ಉಂಗುರವನ್ನೇ ಒತ್ತೆಯಿಟ್ಟು ಮಗನ ಶುಲ್ಕಕ್ಕೆ ಹಣ ಹೊಂದಿಸಿದ್ದಳು. ಅವನೇ ಥರ್ಗುಡ್ ಮಾರ್ಷಲ್. 1933ರಲ್ಲಿ ಅವನು ತರಗತಿಗೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. ಎರಡನೆಯವನು ಅವನ ಗೆಳೆಯ ಆಲಿವರ್ ಹಿಲ್. ಈ ಎರಡು ಹೆಸರುಗಳೂ ಮುಂದೆ ಬರುತ್ತವೆ.

1935ರಲ್ಲಿ ಹ್ಯೂಸ್ಟನ್ ಕಪ್ಪು ಜನರ ಅಭ್ಯುದಯಕ್ಕಾಗಿ 1909ರಿಂದ ದುಡಿಯುತ್ತಿದ್ದ ರಾಷ್ಟ್ರೀಯ ಸಂಘದ ವಕೀಲರಾಗಿ ನ್ಯೂಯಾರ್ಕಿಗೆ ಹೋದರು. ಅವರ ಯುದ್ಧತಂತ್ರ ಸ್ಪಷ್ಟವಾದುದು ಆಗ. ಪ್ಲೆಸಿಯ ತೀರ್ಪು ತಪ್ಪೆಂದು ನ್ಯಾಯಾಲಯದ ಮುಂದೆ ನೇರವಾಗಿ ಹೇಳಿದರೆ ಸೋಲು ಖಂಡಿತ. ಸೋತರೆ ಗೋಡೆ ಇನ್ನಷ್ಟು ಗಟ್ಟಿಯಾದೀತು. ಆದುದರಿಂದ ಅವರು ಆ ತೀರ್ಪನ್ನು ಅಕ್ಷರಶಃ ಕೈಗೆತ್ತಿಕೊಂಡರು. ಪ್ರತ್ಯೇಕವಾದರೂ ಸಮಾನವೆಂದು ಹೇಳುತ್ತೀರಲ್ಲವೆ? ಹಾಗಾದರೆ ಆ ಸಮಾನತೆಯನ್ನು ತೋರಿಸಿ; ನಾವು ಅಳೆಯುತ್ತೇವೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯವಿದು.

ಅಳೆಯುವ ಕೆಲಸಕ್ಕೆ ಅವರು ತಾವೇ ಹೊರಟರು. ಅದಕ್ಕೂ ಹಿಂದಿನ ವರ್ಷವೇ, ಒಬ್ಬ ಸಹೋದ್ಯೋಗಿಯೊಡನೆ ಮೋಟಾರಿನಲ್ಲಿ ದಕ್ಷಿಣ ಕೆರೊಲಿನ ರಾಜ್ಯದ ಹಳ್ಳಿಗಳನ್ನು ಸುತ್ತಿ, ಚಲನಚಿತ್ರದ ಕ್ಯಾಮರಾದಿಂದ ಶಾಲೆಗಳ ಚಿತ್ರ ತೆಗೆದಿದ್ದರು. ಬಿಳಿಯ ಮಕ್ಕಳ ಇಟ್ಟಿಗೆಯ ಕಟ್ಟಡ, ಅವರನ್ನು ಕರೆತರುವ ಬಸ್ಸು ಒಂದು ಕಡೆ. ಕಪ್ಪು ಮಕ್ಕಳು ನಡೆದು ಬರುವ, ಹಲಗೆ ಬಡಿದ ಒಂಟಿ ಕೋಣೆ ಇನ್ನೊಂದು ಕಡೆ. ಮಾತಿಗೆ ಪ್ರತಿಮಾತು ಉಂಟು. ಚಿತ್ರಕ್ಕೆ ಏನನ್ನು ಹೇಳುವುದು? ಅಮೆರಿಕದ ದಕ್ಷಿಣದಲ್ಲಿ ಇಂಥ ಪ್ರವಾಸವೇ ಅಪಾಯದ್ದಾಗಿತ್ತು. ಹೋಟೆಲುಗಳಲ್ಲಿ ಊಟವಿಲ್ಲ, ವಸತಿಯಿಲ್ಲ. ಮುಂದೆ ಮಾರ್ಷಲ್ ಜೊತೆಗೂಡಿದಾಗ, ಅವರ ಹಳೆಯ ಫೋರ್ಡ್ ಕಾರಿನಲ್ಲಿ ಕುಳಿತೇ ಹ್ಯೂಸ್ಟನ್ ನ್ಯಾಯಾಲಯಕ್ಕೆ ಒಪ್ಪಿಸಬೇಕಾದ ಕಾಗದಗಳನ್ನು ಬೆರಳಚ್ಚು ಮಾಡುತ್ತಿದ್ದರು. ಯಾವ ಗುಮಾಸ್ತೆಗೂ ಇಲ್ಲದ ವೇಗ ಅವರ ಬೆರಳುಗಳಿಗೆ ಇತ್ತೆಂದು ಮಾರ್ಷಲ್ ಬಹುಕಾಲದ ಮೇಲೆ ನೆನೆಸಿಕೊಂಡರು.

ಮೊದಲನೆಯ ಏಟನ್ನು ಎಲ್ಲಿಗೆ ಹಾಕಬೇಕು? ಪ್ರಾಥಮಿಕ ಶಾಲೆಗಳಿಗಲ್ಲ, ಕಾನೂನು ಕಾಲೇಜುಗಳಿಗೆ ಎಂದು ಅವರು ತೀರ್ಮಾನಿಸಿದರು. ಇದು ವಿಚಿತ್ರವಾಗಿ ತೋರಬಹುದು. ಹಳ್ಳಿಯ ಲಕ್ಷಾಂತರ ಮಕ್ಕಳನ್ನು ಬಿಟ್ಟು, ಕಾನೂನು ಓದಬಯಸುವ ಹತ್ತಾರು ಯುವಕರ ಕಡೆಗೆ ಗಮನವೇಕೆ? ಹ್ಯೂಸ್ಟನ್ನರ ಲೆಕ್ಕಾಚಾರ ಹೀಗಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಸರಕಾರದ ಕಾನೂನು ಕಾಲೇಜೇ ಇರಲಿಲ್ಲ. ಇಲ್ಲದಿರುವುದನ್ನು ಸಮಾನವೆಂದು ಯಾರೂ ವಾದಿಸಲಾರರು. ಹತ್ತು ಮಂದಿಗಾಗಿ ಕಾಲೇಜು, ಗ್ರಂಥಾಲಯ, ಪ್ರಾಧ್ಯಾಪಕರನ್ನು ಒದಗಿಸಲು ಹೊರಟರೆ ರಾಜ್ಯದ ಬೊಕ್ಕಸ ತಡೆಯಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ನ್ಯಾಯಾಧೀಶರೆಲ್ಲರೂ ಕಾನೂನು ಓದಿ ಬಂದವರೇ. ಒಳ್ಳೆಯ ಕಾನೂನು ಕಾಲೇಜು ಯಾವುದು, ಕೆಟ್ಟದ್ದು ಯಾವುದೆಂಬುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1935ರ ಜೂನ್ ತಿಂಗಳಿನಲ್ಲಿ ಬಾಲ್ಟಿಮೋರಿನ ನ್ಯಾಯಾಲಯದಲ್ಲಿ ಡೊನಾಲ್ಡ್ ಮರ್ರೆ ಎಂಬ ಯುವಕನ ಪರವಾಗಿ ಹ್ಯೂಸ್ಟನ್ ಮತ್ತು ಮಾರ್ಷಲ್ ಇಬ್ಬರೂ ನಿಂತರು. ಮರ್ರೆಗೆ ಪ್ರವೇಶ ನಿರಾಕರಿಸಿದ್ದುದು ಅದೇ ಮೇರಿಲ್ಯಾಂಡ್ ಕಾನೂನು ಕಾಲೇಜು. ಹ್ಯೂಸ್ಟನ್ನರು ವಿಶ್ವವಿದ್ಯಾಲಯದ ಅಧ್ಯಕ್ಷರನ್ನೇ ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸಿದರು. ನ್ಯಾಯಾಧೀಶ ಒ’ಡನ್ ಮರ್ರೆಯನ್ನು ಸೇರಿಸಿಕೊಳ್ಳಬೇಕೆಂದು ಆಜ್ಞೆಮಾಡಿದರು. 1936ರ ಜನವರಿಯಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗುರುಶಿಷ್ಯರು ಕೂಡಿ ತೆರೆಸಿದ ಆ ಬಾಗಿಲು, ಶಿಷ್ಯನಿಗೆ ಐದು ವರ್ಷಗಳ ಹಿಂದೆ ಮುಚ್ಚಿದ್ದ ಬಾಗಿಲೇ ಆಗಿತ್ತು.

ಎರಡನೆಯದು ಲಾಯ್ಡ್ ಗೇನ್ಸ್ ಎಂಬ ಯುವಕನ ಮೊಕದ್ದಮೆ. ಅವನು ಮಿಸ್ಸೂರಿ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಅರ್ಜಿ ಹಾಕಿದ್ದನು. ಬೇಕಾದರೆ ನೆರೆಯ ರಾಜ್ಯಕ್ಕೆ ಹೋಗಿ ಓದು, ಶುಲ್ಕವನ್ನು ನಾವು ಕೊಡುತ್ತೇವೆ ಎಂದಿತು ಸರಕಾರ. ಮೊಕದ್ದಮೆ ಕೆಳಗಿನ ನ್ಯಾಯಾಲಯಗಳಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತು. ವಾದದ ಹಿಂದಿನ ರಾತ್ರಿ ಹ್ಯೂಸ್ಟನ್ ಹೊವಾರ್ಡಿನ ಶಾಲೆಯಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಎದುರಿಗೆ ಕೂರಿಸಿಕೊಂಡು, ತಮ್ಮ ವಾದವನ್ನೆಲ್ಲ ಮಂಡಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ ಸಿದ್ಧರಾದರು. ಮರುದಿನ ಅವರು ನ್ಯಾಯಾಲಯದಲ್ಲಿ ನಿಂತಾಗಲೇ ಒಬ್ಬ ನ್ಯಾಯಮೂರ್ತಿ ಕುರ್ಚಿಯನ್ನು ತಿರುಗಿಸಿದ್ದು. ಆದರೆ ಡಿಸೆಂಬರ್ 12ರಂದು ಬಂದ ತೀರ್ಪಿನಲ್ಲಿ ಆರು ಮಂದಿ ಹ್ಯೂಸ್ಟನ್ನರ ಪರವಾಗಿದ್ದರು, ಇಬ್ಬರು ವಿರುದ್ಧ. ತನ್ನ ಪ್ರಜೆಗೆ ಸಮಾನತೆಯನ್ನು ಒದಗಿಸುವ ಹೊಣೆ ಆಯಾ ರಾಜ್ಯದ್ದು. ಅದನ್ನು ಪಕ್ಕದ ರಾಜ್ಯದ ಮೇಲೆ ಹೊರಿಸುವಂತಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಬರೆದರು. ಸೂತ್ರ ಇನ್ನೂ ಮುರಿದಿರಲಿಲ್ಲ, ಬಿರುಕು ಬಿಟ್ಟಿತ್ತು.

ಮಿಸ್ಸೂರಿ ಸರಕಾರವೇನೂ ಸುಮ್ಮನಿರಲಿಲ್ಲ. ಸೇಂಟ್ ಲೂಯಿಸ್ ನಗರದಲ್ಲಿ, ಮೊದಲು ಕೇಶಾಲಂಕಾರ ಕಲಿಸುತ್ತಿದ್ದ ಹಳೆಯ ಕಟ್ಟಡವೊಂದರಲ್ಲಿ, ಕಪ್ಪು ಜನರಿಗೆಂದು ಅವಸರದಿಂದ ಬೇರೊಂದು ಕಾನೂನು ಶಾಲೆಯನ್ನು ತೆರೆಯಿತು. ಅದು ಸಮಾನವೇ ಅಲ್ಲವೇ ಎಂಬುದನ್ನು ಮತ್ತೆ ಅಳೆಯಿಸಲು ಹ್ಯೂಸ್ಟನ್ ಸಿದ್ಧರಾದರು. ಆಗ ಯಾರೂ ಎಣಿಸದ ಘಟನೆಯೊಂದು ನಡೆಯಿತು. 1939ರ ಮಾರ್ಚ್ 19ರ ಸಂಜೆ ಷಿಕಾಗೋ ನಗರದಲ್ಲಿ ಗೇನ್ಸ್ ತಾನು ಇಳಿದಿದ್ದ ಮನೆಯಿಂದ ಅಂಚೆಚೀಟಿ ಕೊಂಡು ತರುವೆನೆಂದು ಹೇಳಿ ಹೊರಗೆ ಹೋದವನು ಹಿಂದಿರುಗಲಿಲ್ಲ. ಆಗ ಅವನಿಗೆ ಸುಮಾರು ಇಪ್ಪತ್ತೆಂಟು ವರ್ಷ. ಅಂದಿನಿಂದ ಅವನನ್ನು ಕಂಡವರಿಲ್ಲ. ವಾದಿಯೇ ಇಲ್ಲದ ಮೊಕದ್ದಮೆ ಅಲ್ಲಿಗೇ ನಿಂತುಹೋಯಿತು. ದೊಡ್ಡ ತೀರ್ಪುಗಳಿಗೆ ವಕೀಲರ ಹೆಸರಷ್ಟೇ ಅಲ್ಲ, ಒಬ್ಬ ಸಾಮಾನ್ಯ ಮನುಷ್ಯನ ಬದುಕೂ ಅಂಟಿಕೊಂಡಿರುತ್ತದೆ. ಅರ್ಜಿಗೆ ಸಹಿ ಹಾಕುವವನು ಕೆಲಸ, ಮನೆ, ಕೆಲವೊಮ್ಮೆ ಪ್ರಾಣವನ್ನೇ ಪಣಕ್ಕೆ ಒಡ್ಡುತ್ತಿದ್ದನು.

ಉಪಾಧ್ಯಾಯರ ಸಂಬಳದ ಮಾತೂ ಇಲ್ಲಿ ಬರುತ್ತದೆ. ಒಂದೇ ಪರೀಕ್ಷೆ, ಒಂದೇ ಪಾಠ, ಒಂದೇ ಹೊಣೆ. ಆದರೂ ಕಪ್ಪು ಉಪಾಧ್ಯಾಯನಿಗೆ ಎಷ್ಟೋ ಕಡೆ ಬಿಳಿಯ ಉಪಾಧ್ಯಾಯನ ಸಂಬಳದ ಅರ್ಧವೂ ಸಿಗುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ ಮೇರಿಲ್ಯಾಂಡಿನಲ್ಲೂ ವರ್ಜೀನಿಯದಲ್ಲೂ ಹೂಡಿದ ದಾವೆಗಳನ್ನು ಹ್ಯೂಸ್ಟನ್ನರ ಹಾದಿಯಲ್ಲೇ ನಡೆದು ಮಾರ್ಷಲ್ ಗೆದ್ದುಕೊಟ್ಟರು. 1938ರಲ್ಲಿ ಹ್ಯೂಸ್ಟನ್ ತಮ್ಮ ಸ್ಥಾನವನ್ನು ಶಿಷ್ಯನಿಗೆ ಒಪ್ಪಿಸಿ ವಾಷಿಂಗ್ಟನ್ನಿಗೆ ಮರಳಿದರು. ದುಡಿಮೆ ಮಾತ್ರ ಕಡಿಮೆಯಾಗಲಿಲ್ಲ. ರೈಲ್ವೆಯಲ್ಲಿ ಕಲ್ಲಿದ್ದಲು ಹಾಕುವ ಕಪ್ಪು ಕಾರ್ಮಿಕರ ಕೆಲಸವನ್ನು ಬಿಳಿಯರ ಸಂಘವೇ ಕಸಿಯುತ್ತಿದ್ದುದರ ವಿರುದ್ಧ 1944ರಲ್ಲಿ ಗೆದ್ದರು. ಕಪ್ಪು ಜನರಿಗೆ ಮನೆ ಮಾರಬಾರದೆಂಬ ಕರಾರುಗಳ ವಿರುದ್ಧ 1948ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಅಷ್ಟಾದರೂ, ಆ ನ್ಯಾಯಾಲಯವಿದ್ದ ನಗರದ ಪೇಟೆಯ ಬಹುಪಾಲು ಹೋಟೆಲುಗಳಲ್ಲಿ ಅವರು ಕುಳಿತು ಒಂದು ಲೋಟ ಕಾಫಿ ಕುಡಿಯುವಂತಿರಲಿಲ್ಲ.

1947ರಲ್ಲಿ ವಾಷಿಂಗ್ಟನ್ನಿನ ಗಾರ್ಡ್ನರ್ ಬಿಷಪ್ ಎಂಬ ಕ್ಷೌರಿಕರು ತಮ್ಮ ಬಡಾವಣೆಯ ತಂದೆತಾಯಿಗಳನ್ನು ಕೂಡಿಸಿ, ಕಪ್ಪು ಮಕ್ಕಳ ಶಾಲೆಯ ನೂಕುನುಗ್ಗಲನ್ನು ಪ್ರತಿಭಟಿಸತೊಡಗಿದರು. ಹ್ಯೂಸ್ಟನ್ ಅವರ ಮೊಕದ್ದಮೆಗಳನ್ನು ನಡೆಸಿಕೊಟ್ಟರು. ಅಷ್ಟರಲ್ಲಿ ದೇಹ ಸೋತಿತು. 1949ರಲ್ಲಿ ಹೃದಯಾಘಾತವಾಯಿತು. ಹಾಸಿಗೆ ಹಿಡಿದ ಹ್ಯೂಸ್ಟನ್ನರು ಆ ಮೊಕದ್ದಮೆಯನ್ನು ಹೊವಾರ್ಡಿನ ಪ್ರಾಧ್ಯಾಪಕ ಜೇಮ್ಸ್ ನ್ಯಾಬ್ರಿಟ್ ಅವರಿಗೆ ಒಪ್ಪಿಸುವಂತೆ ಬಿಷಪ್‌ಗೆ ಹೇಳಿದರು. ನ್ಯಾಬ್ರಿಟ್ ಒಂದು ಷರತ್ತು ಹಾಕಿದರು: ಇನ್ನು ಶಾಲೆಯ ಕೋಣೆಗಳನ್ನು ಎಣಿಸುವುದಿಲ್ಲ, ಪ್ರತ್ಯೇಕತೆಯೇ ತಪ್ಪೆಂದು ವಾದಿಸುತ್ತೇನೆ. ಅಳೆದು ಅಳೆದು, ಅಳತೆಗೋಲನ್ನೇ ಬದಿಗಿಡುವ ಕಾಲ ಬಂದಿತ್ತು.

1950ರ ಏಪ್ರಿಲ್ 22ರಂದು ಹ್ಯೂಸ್ಟನ್ ತೀರಿಕೊಂಡರು. ಆಗ ಅವರಿಗೆ ಐವತ್ತನಾಲ್ಕು ವರ್ಷ. ಮಗನಿಗೆ ಆರು ವರ್ಷ. ಅವನಿಗಾಗಿ ಅವರು ಒಂದು ಚಿಕ್ಕ ಸಂದೇಶವನ್ನು ಬರೆದಿಟ್ಟಿದ್ದರು. ತಂದೆ ನಿನ್ನನ್ನು ತೊರೆದು ಓಡಿಹೋಗಲಿಲ್ಲ, ನಿನಗೂ ನಿನ್ನಂಥವರಿಗೂ ಭೇದವಿಲ್ಲದ ಬದುಕು ದೊರೆಯಲೆಂದು ಹೋರಾಡುತ್ತಲೇ ಹೋದನು ಎಂಬುದು ಅದರ ತಾತ್ಪರ್ಯ. ಅವರು ತೀರಿಕೊಂಡ ಆರು ವಾರಗಳಲ್ಲೇ, ಜೂನ್ 5ರಂದು, ಮಾರ್ಷಲ್ ನಡೆಸಿದ ಎರಡು ಮೊಕದ್ದಮೆಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಟೆಕ್ಸಾಸ್ ಮತ್ತು ಓಕ್ಲಹಾಮ ರಾಜ್ಯಗಳ ವಿಶ್ವವಿದ್ಯಾಲಯಗಳಲ್ಲಿದ್ದ ಬೇಲಿಯನ್ನು ಕೆಡವಿತು. ಕಟ್ಟಡ, ಪುಸ್ತಕಗಳ ಎಣಿಕೆಯಿಂದಷ್ಟೇ ಸಮಾನತೆ ಸಿದ್ಧಿಸದು, ಸಹಪಾಠಿಗಳೊಡನೆ ಬೆರೆತು ಚರ್ಚಿಸುವುದೂ ವಿದ್ಯೆಯ ಅಂಗವೆಂದು ನ್ಯಾಯಮೂರ್ತಿಗಳು ಮೊದಲ ಬಾರಿಗೆ ಒಪ್ಪಿಕೊಂಡರು.

ಹ್ಯೂಸ್ಟನ್ ತೀರಿಹೋಗಿ ಒಂದು ವರ್ಷ ಒಂದು ದಿನವಾಗಿತ್ತು. 1951ರ ಏಪ್ರಿಲ್ 23ರಂದು ವರ್ಜೀನಿಯ ರಾಜ್ಯದ ಫಾರ್ಮ್‌ವಿಲ್ ಎಂಬ ಊರಿನಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ಹುಡುಗಿ ತನ್ನ ಪ್ರೌಢಶಾಲೆಯ ಮಕ್ಕಳನ್ನೆಲ್ಲ ಸಭಾಂಗಣದಲ್ಲಿ ಕೂಡಿಸಿ, ತರಗತಿಗಳಿಂದ ಹೊರಗೆ ನಡೆಸಿದಳು. ನೂರ ಎಂಬತ್ತು ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ ನಾನೂರ ಐವತ್ತಕ್ಕೂ ಹೆಚ್ಚು ಮಂದಿ ಓದುತ್ತಿದ್ದರು. ಉಳಿದವರಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳೇ ಕೋಣೆಗಳು. ಮಕ್ಕಳು ವಕೀಲರಿಗೆ ಪತ್ರ ಬರೆದರು. ಬಂದವರು ಹ್ಯೂಸ್ಟನ್ನರ ಇಬ್ಬರು ಶಿಷ್ಯರು: ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ತರಗತಿಗೆ ಹಿಂದಿರುಗಿರೆಂದು ಬುದ್ಧಿ ಹೇಳಲು ಬಂದ ಅವರು ಮಕ್ಕಳ ದೃಢತೆಯನ್ನು ಕಂಡು ಮಾತು ಬದಲಿಸಿದರು. ಹೊಸ ಕಟ್ಟಡವನ್ನಲ್ಲ, ಪ್ರತ್ಯೇಕ ಶಾಲೆಗಳ ಅಂತ್ಯವನ್ನೇ ಕೇಳುವುದಾದರೆ ನಿಮ್ಮ ಮೊಕದ್ದಮೆಯನ್ನು ನಡೆಸುತ್ತೇವೆ ಎಂದರು. ಮಕ್ಕಳು ಒಪ್ಪಿದರು.

ವರ್ಜೀನಿಯದ ಆ ಮೊಕದ್ದಮೆ, ವಾಷಿಂಗ್ಟನ್ನಿನಲ್ಲಿ ನ್ಯಾಬ್ರಿಟ್ ಮುಂದುವರಿಸಿದ ಹೋರಾಟ, ಕ್ಯಾನ್ಸಸ್, ಡೆಲವೇರ್ ಮತ್ತು ದಕ್ಷಿಣ ಕೆರೊಲಿನ ರಾಜ್ಯಗಳಿಂದ ಬಂದ ದಾವೆಗಳು, ಹೀಗೆ ಐದು ಮೊಕದ್ದಮೆಗಳು ಸರ್ವೋಚ್ಚ ನ್ಯಾಯಾಲಯದಲ್ಲಿ ಒಟ್ಟುಗೂಡಿದವು. ದಕ್ಷಿಣ ಕೆರೊಲಿನದ ಕ್ಲಾರೆಂಡನ್ ಜಿಲ್ಲೆಯಲ್ಲಿ 1949-50ನೆಯ ಸಾಲಿನಲ್ಲಿ ಒಂದು ಬಿಳಿಯ ಮಗುವಿನ ವಿದ್ಯಾಭ್ಯಾಸಕ್ಕೆ 179 ಡಾಲರ್, ಒಂದು ಕಪ್ಪು ಮಗುವಿಗೆ 43 ಡಾಲರ್ ವೆಚ್ಚವಾಗಿತ್ತು. 1954ರ ಮೇ 17ರಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ತೀರ್ಪನ್ನು ಓದಿದರು. ಒಂಬತ್ತು ಮಂದಿಯೂ ಒಮ್ಮತದಿಂದ, ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿದರು. ಶಾಲೆಗಳ ಮಟ್ಟಿಗೆ, 1896ರ ಸೂತ್ರ ಐವತ್ತೆಂಟು ವರ್ಷಗಳ ಮೇಲೆ ಬಿದ್ದುಹೋಯಿತು.

ತೀರ್ಪು ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲವೆಂಬುದನ್ನೂ ಹೇಳಬೇಕು. ಬಾರ್ಬರಾ ಜಾನ್ಸಳ ಜಿಲ್ಲೆಯವರು ಮಕ್ಕಳನ್ನು ಕೂಡಿ ಓದಿಸುವುದಕ್ಕಿಂತ ಸರಕಾರಿ ಶಾಲೆಗಳನ್ನು ಮುಚ್ಚುವುದೇ ಮೇಲೆಂದು 1959ರಿಂದ 1964ರ ವರೆಗೆ ಅವುಗಳಿಗೆ ಬೀಗ ಹಾಕಿದರು. ದಕ್ಷಿಣದ ಹಲವೆಡೆ ಶಾಲೆಗಳನ್ನು ಒಂದುಗೂಡಿಸಿದಾಗ ಕೆಲಸ ಕಳೆದುಕೊಂಡವರು ಕಪ್ಪು ಉಪಾಧ್ಯಾಯರೇ. ಹೋರಾಟ ನ್ಯಾಯಾಲಯಗಳಿಂದ ಬೀದಿಗೂ ಬಸ್ಸುಗಳಿಗೂ ಹಬ್ಬಿ ಮುಂದುವರಿಯಿತು. ಥರ್ಗುಡ್ ಮಾರ್ಷಲ್ 1967ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯದ ಮೊದಲನೆಯ ಕಪ್ಪು ನ್ಯಾಯಮೂರ್ತಿಯಾಗಿ, 1991ರ ವರೆಗೆ ಆ ಪೀಠದಲ್ಲಿ ಕುಳಿತರು. 1954ರ ಮೊಕದ್ದಮೆಯಲ್ಲಿ ದುಡಿದ ಸುಮಾರು ಎರಡು ಡಜನ್ ವಕೀಲರಲ್ಲಿ, ಹ್ಯೂಸ್ಟನ್ನರ ಪ್ರಭಾವಕ್ಕೆ ಸಿಕ್ಕದವರು ಇಬ್ಬರೇ ಎಂದು ಅವರು ಮುಂದೆ ನೆನೆಸಿಕೊಂಡರು. ತಾವೆಲ್ಲರೂ ಗುರುವಿನ ಚೀಲ ಹೊತ್ತು ಹಿಂದೆ ನಡೆದವರಷ್ಟೇ ಎಂಬುದು ಅವರ ಮಾತಾಗಿತ್ತು.

ಐದು ಮೊಕದ್ದಮೆಗಳಲ್ಲಿ ಮೊದಲು ಫಲ ಕಂಡ ಊರುಗಳಲ್ಲಿ ವಾಷಿಂಗ್ಟನ್ ಒಂದು. ಹ್ಯೂಸ್ಟನ್ ಹುಟ್ಟಿ ಬೆಳೆದ, ಕಪ್ಪು ಮಕ್ಕಳ ಶಾಲೆಯಲ್ಲಿ ಓದಿದ, ಪಾಠ ಹೇಳಿದ, ಪ್ರಾಣಬಿಟ್ಟ ಊರು ಅದು. 1954ರ ಸೆಪ್ಟೆಂಬರ್ ತಿಂಗಳಿನಲ್ಲಿ ಅಲ್ಲಿನ ಸರಕಾರಿ ಶಾಲೆಗಳು ತೆರೆದಾಗ, ಬಿಳಿಯ ಮಕ್ಕಳೂ ಕಪ್ಪು ಮಕ್ಕಳೂ ಒಂದೇ ಬಾಗಿಲಿನಿಂದ ಒಳಗೆ ಹೋದರು. ಹ್ಯೂಸ್ಟನ್ನರ ಮಗನಿಗೆ ಆಗ ಹತ್ತು ವರ್ಷ.